ಕಾಲೇಜಿನಲ್ಲಿ ಬರೆದ ಕೋಡನ್ನು ಯಾರು ಓದುತ್ತಾರೆ?

(ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಸೈನ್ಸ್ ವಿಭಾಗದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನೀವು ನನಗೆ ಕೊಟ್ಟ ವಿಷಯ ಪ್ರಶ್ನೆಯ ರೂಪದಲ್ಲಿದೆ. ವಿಶ್ವವಿದ್ಯಾಲಯದ ಅಧ್ಯಾಪಕರು ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳನ್ನು ಕಂಪನಿಯ ಕೆಲಸಕ್ಕೆ ಸರಿಯಾಗಿ ತಯಾರು ಮಾಡುತ್ತಿದ್ದಾರಾ? ಸುತ್ತಿ ಬಳಸಿ ಹೇಳುವುದು ಬೇಡ, ಉತ್ತರದಿಂದಲೇ ಶುರು ಮಾಡುತ್ತೇನೆ. ಅರ್ಧ ಕೆಲಸ ಚೆನ್ನಾಗಿಯೇ ಆಗುತ್ತಿದೆ. ಇನ್ನರ್ಧಕ್ಕೆ ಯಾರೂ ಕೈ ಹಾಕಿಲ್ಲ. ಆ ಉಳಿದರ್ಧ ಅಂದರೆ ಹೊಸ ಹೊಸ ಟೆಕ್ನಾಲಜಿ ಅಂತ ತುಂಬಾ ಜನ ತಿಳಿದಿದ್ದಾರೆ. ಅದಲ್ಲ. ನಮ್ಮ ಮಕ್ಕಳು ನಾಲ್ಕು ವರ್ಷದಲ್ಲಿ ಬರೆಯುವ ಕೋಡನ್ನು ಇನ್ನೊಬ್ಬರು ಕೂತು ಓದುವುದೇ ಇಲ್ಲ. ಔಟ್‌ಪುಟ್ ಬಂತಾ ಅಂತ ನೋಡುತ್ತಾರೆ, ಅಷ್ಟೇ. ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಹೊಸದಾಗಿ ಸೇರಿದವರ ಕೋಡ್ ನೋಡುವುದು, ಫ್ರೆಶರ್‌ಗಳ ಇಂಟರ್‌ವ್ಯೂ ಮಾಡುವುದು ಅದರಲ್ಲಿ ಒಂದು ಭಾಗ. ನನ್ನ ಮುಂದೆ ಬಂದು ಕೂರುವವರಲ್ಲಿ ಬಹಳ ಮಂದಿ ವಿಟಿಯು ಮಕ್ಕಳು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಶುರುವಾಯಿತು. ಆಮೇಲೆ ಬೀದರ್‌ನಿಂದ ಚಾಮರಾಜನಗರದವರೆಗೆ ಹೆಚ್ಚುಕಮ್ಮಿ ಎಲ್ಲ ಎಂಜಿನಿಯರಿಂಗ್ ಕಾಲೇಜಿಗೂ ಒಂದೇ ಸಿಲಬಸ್ ಬಂತು, ಒಂದೇ ಲ್ಯಾಬ್ ಪಟ್ಟಿ ಬಂತು. ಸ್ವಾಯತ್ತ ಕಾಲೇಜುಗಳು ತಮ್ಮದೇ ಸಿಲಬಸ್ ಮಾಡಿಕೊಂಡರೂ ಲ್ಯಾಬ್ ಪರೀಕ್ಷೆಯ ಅಚ್ಚು ಮಾತ್ರ ಬಹುಪಾಲು ಹಳೆಯದೇ. ಹಾಗಾಗಿ ನಾನು ವಿಟಿಯುವನ್ನೇ ಹಿಡಿದುಕೊಂಡು ಮಾತಾಡುತ್ತೇನೆ. ದೂರದ ಅಮೆರಿಕದ ಉದಾಹರಣೆ ಕೊಟ್ಟರೆ ಇಲ್ಲಿ ಕೂತಿರುವ ಯಾರಿಗೂ ಪ್ರಯೋಜನವಿಲ್ಲ.

ಮೊದಲು ಚೆನ್ನಾಗಿ ಆಗುತ್ತಿರುವ ಅರ್ಧದ ಬಗ್ಗೆ. ಇದನ್ನು ಹೇಳುವವರು ಕಡಿಮೆ, ಅದಕ್ಕೇ ಒತ್ತಿ ಹೇಳುತ್ತೇನೆ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡಿಬಿಎಂಎಸ್ (ಡೇಟಾಬೇಸ್), ನೆಟ್‌ವರ್ಕ್ಸ್. ಈ ನಾಲ್ಕನ್ನು ಪಾಠದ ಮಟ್ಟದಲ್ಲಿ ಸರಿಯಾಗಿ ಕೇಳಿಸಿಕೊಂಡ ಹುಡುಗಿ ಅಥವಾ ಹುಡುಗನಿಗೆ ಕಂಪನಿಯಲ್ಲಿ ಹೊಸದೇನನ್ನೇ ಕೊಟ್ಟರೂ ಕಲಿಯಲು ಕಷ್ಟವಾಗುವುದಿಲ್ಲ. ಬಿ-ಟ್ರೀ ಅನ್ನುವುದು, ಅಂದರೆ ಮಾಹಿತಿಯನ್ನು ಬೇಗ ಹುಡುಕಲು ಜೋಡಿಸಿಡುವ ಒಂದು ವಿಧಾನ, 1970ರ ಸುಮಾರಿಗೆ ಬೋಯಿಂಗ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಹುಟ್ಟಿದ್ದು. ಇವತ್ತು ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್‌ಗಳಲ್ಲಿ ನೀವು ಇಂಡೆಕ್ಸ್ ಹಾಕಿದರೆ ಒಳಗೆ ಕೆಲಸ ಮಾಡುವುದು ಅದೇ ಬಳಗ. ಅರ್ಧ ಶತಮಾನ ಕಳೆದರೂ ಅದು ಹಳತಾಗಿಲ್ಲ. ಇನ್ನೊಂದು ಕಡೆ ನೋಡಿ. ಒಂದು ಕಾಲದಲ್ಲಿ ವೆಬ್‌ಸೈಟುಗಳಲ್ಲಿ ಆನಿಮೇಷನ್, ಆಟ ಮಾಡಲು ಬಳಸುತ್ತಿದ್ದ ಫ್ಲ್ಯಾಶ್ ಬಲ್ಲವರಿಗೆ ಭಾರಿ ಬೇಡಿಕೆ ಇತ್ತು. 2020ರ ಡಿಸೆಂಬರ್ ಕೊನೆಗೆ ಅಡೋಬಿಯೇ ಅದನ್ನು ನಿಲ್ಲಿಸಿತು. ಅವತ್ತು ಕಂಪನಿಗಳ ಮಾತು ಕೇಳಿ ಫ್ಲ್ಯಾಶನ್ನು ಸಿಲಬಸ್ಸಿಗೆ ಹಾಕಿದ್ದರೆ ಮಕ್ಕಳ ಗತಿ ಏನಾಗುತ್ತಿತ್ತು? ಆದ್ದರಿಂದ ಕಂಪನಿಯವರು ಬಂದು ‘ನಮ್ಮ ಫ್ರೇಮ್‌ವರ್ಕ್ ಕಲಿಸಿ’ ಅಂದಾಗ ಮೇಷ್ಟ್ರುಗಳು ಹಿಂಜರಿಯುತ್ತಾರಲ್ಲ, ಅದು ಸರಿಯೇ. ಅದಕ್ಕೆ ತಲೆ ತಗ್ಗಿಸಬೇಕಾದ ಅಗತ್ಯವೇ ಇಲ್ಲ.

2019ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕ, ಚೀನಾ, ಭಾರತ, ರಷ್ಯಾ, ಈ ನಾಲ್ಕೂ ದೇಶಗಳ ಕೊನೇ ವರ್ಷದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಒಂದೇ ಪರೀಕ್ಷೆ ಕೊಟ್ಟಿದ್ದರು. ಅಮೆರಿಕದವರು ಸ್ಪಷ್ಟವಾಗಿ ಮುಂದಿದ್ದರು. ಉಳಿದ ಮೂರೂ ದೇಶಗಳವರು ಹೆಚ್ಚುಕಮ್ಮಿ ಸರಿಸಮ. ಅಂದರೆ ಓದಿ ತಿಳಿಯುವ ವಿಷಯದಲ್ಲಿ ನಮ್ಮವರು ಚೀನಾ, ರಷ್ಯಾದವರಿಗಿಂತ ಹಿಂದೆ ಬಿದ್ದಿರಲಿಲ್ಲ. ಆದರೆ ಅದಕ್ಕೆ ಎರಡು ವರ್ಷ ಮುಂಚೆ, 2017ರಲ್ಲಿ, ಆಸ್ಪೈರಿಂಗ್ ಮೈಂಡ್ಸ್ ಅನ್ನುವ ಸಂಸ್ಥೆ ಐನೂರಕ್ಕೂ ಹೆಚ್ಚು ಕಾಲೇಜುಗಳ 36,000 ಮಕ್ಕಳ ಕೈಯಲ್ಲಿ ಕೋಡ್ ಬರೆಸಿತ್ತು. ಕಂಪೈಲ್ ಆಗುವ, ಅಂದರೆ ಕಂಪ್ಯೂಟರ್ ಒಪ್ಪಿಕೊಳ್ಳುವ ಕೋಡ್ ಬರೆಯಲು ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಆಗಲಿಲ್ಲ. ಸರಿಯಾಗಿಯೂ ಇದ್ದು, ದಕ್ಷವಾಗಿಯೂ ಇರುವ ಕೋಡ್ ಬರೆದವರು ಶೇ. 1.4 ಮಾತ್ರ. ಅದು ಉದ್ಯೋಗ ಪರೀಕ್ಷೆಗಳನ್ನು ಮಾರುವ ಸಂಸ್ಥೆ, ಆದ್ದರಿಂದ ಆ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ದಿನಾ ಇಂಟರ್‌ವ್ಯೂನಲ್ಲಿ ಕಾಣುವ ಚಿತ್ರವೇ ಕಾಣುತ್ತದೆ. ಗೊತ್ತಿದೆ, ಮಾಡಲು ಬರುವುದಿಲ್ಲ.

ಯಾಕೆ ಹೀಗೆ? ಒಂದು ಪ್ರೋಗ್ರಾಮನ್ನು ಹತ್ತಿರದಿಂದ ನೋಡೋಣ.

ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್. ಹನ್ನೆರಡು ಪ್ರೋಗ್ರಾಂಗಳ ಪಟ್ಟಿ. ಅದರಲ್ಲಿ ಲಿಂಕ್ಡ್ ಲಿಸ್ಟ್‌ದು (ಒಂದಕ್ಕೊಂದು ಕೊಂಡಿ ಹಾಕಿದ ಮಾಹಿತಿಯ ಸರಪಳಿ) ಒಂದಿದೆ, ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ವಿದ್ಯಾರ್ಥಿಯ ಯುಎಸ್‌ಎನ್ (ನೋಂದಣಿ ಸಂಖ್ಯೆ), ಹೆಸರು, ಸೆಮಿಸ್ಟರ್, ಫೋನ್ ನಂಬರ್ ಇಟ್ಟುಕೊಂಡು ಸಿಂಗ್ಲಿ ಲಿಂಕ್ಡ್ ಲಿಸ್ಟ್ ಮಾಡಬೇಕು. ಮುಂದೆ ಸೇರಿಸು, ಹಿಂದಿನಿಂದ ತೆಗೆ, ಎಷ್ಟಿವೆ ಎಣಿಸು. ಪರದೆ ಮೇಲೆ ಮೆನು ಬರುತ್ತದೆ, 1 ಒತ್ತಿದರೆ ಇದು, 2 ಒತ್ತಿದರೆ ಅದು.

ಫ್ರೆಶರ್‌ಗಳಿಗೆ ನಾನು ಒಮ್ಮೊಮ್ಮೆ ಇದನ್ನೇ ಬರೆಯಲು ಹೇಳುತ್ತೇನೆ. ಸರಸರ ಬರೆಯುತ್ತಾರೆ. ಕೊಂಡಿ ಹಾಕುವ ಪಾಯಿಂಟರ್ ಎಲ್ಲ ಸರಿಯಾಗಿಯೇ ಇರುತ್ತದೆ. ಫೋನ್ ನಂಬರಿಗೆ ಕೆಲವರು ‘ಇಂಟ್’ ಹಾಕುತ್ತಾರೆ, ಕೆಲವರು ‘ಲಾಂಗ್ ಇಂಟ್’. ಎರಡೂ ಸಿ ಭಾಷೆಯಲ್ಲಿ ಪೂರ್ಣ ಸಂಖ್ಯೆಗಳನ್ನು ಇಡುವ ಬಗೆಗಳು. ರನ್ ಮಾಡಿ ಅಂದರೆ 1234567890 ಅಂತ ಒತ್ತುತ್ತಾರೆ. ಒತ್ತಿದ್ದೇ ವಾಪಸ್ ಕಾಣುತ್ತದೆ. ಆಗ ನಾನು ಹೇಳುತ್ತೇನೆ, ‘ಈಗ ನಿಮ್ಮ ಸ್ವಂತ ನಂಬರ್ ಹಾಕಿ.’ ‘ಇಂಟ್’ ಹಾಕಿದವರಿಗೆ ಸಂಬಂಧವೇ ಇಲ್ಲದ ಯಾವುದೋ ಅಂಕಿ ಬರುತ್ತದೆ. ಕೆಲವು ಸಲ ಮೈನಸ್ ಅಂಕಿ.

ಕಾರಣ ಸರಳ. ಈಗಿನ ಕಂಪ್ಯೂಟರುಗಳಲ್ಲಿ ‘ಇಂಟ್’ ಅಂದರೆ 32 ಬಿಟ್. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647, ಅಂದರೆ ಸುಮಾರು 214 ಕೋಟಿ. ನಮ್ಮ ದೇಶದ ಮೊಬೈಲ್ ನಂಬರುಗಳು ಹತ್ತು ಅಂಕಿಯವು, 6, 7, 8 ಅಥವಾ 9ರಿಂದ ಶುರುವಾಗುವಂಥವು. ಅತಿ ಚಿಕ್ಕ ನಂಬರ್ ತಗೊಂಡರೂ 600 ಕೋಟಿ ದಾಟುತ್ತದೆ. ಭಾರತದ ಒಂದೇ ಒಂದು ಮೊಬೈಲ್ ನಂಬರ್ ಕೂಡ ಅದರಲ್ಲಿ ಹಿಡಿಸುವುದಿಲ್ಲ! ಎಲ್ಲರೂ ಟೆಸ್ಟ್ ಮಾಡಲು ಒತ್ತುವ 1234567890 ಮಾತ್ರ 123 ಕೋಟಿ ಆದ್ದರಿಂದ ಹಿಡಿಸುತ್ತದೆ. ‘ಲಾಂಗ್’ ಹಾಕಿದವರ ಕಥೆ ಇನ್ನೂ ಸೂಕ್ಷ್ಮ. 64 ಬಿಟ್ ಲಿನಕ್ಸ್‌ನಲ್ಲಿ ‘ಲಾಂಗ್’ 8 ಬೈಟ್, ವಿಂಡೋಸ್‌ನಲ್ಲಿ 4 ಬೈಟ್. ಲ್ಯಾಬಿನ ಉಬುಂಟುನಲ್ಲಿ ಸರಿಯಾಗಿದ್ದದ್ದು ಹಾಸ್ಟೆಲಿನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕೆಡುತ್ತದೆ. ‘ನಿನ್ನೆ ಬಂದಿತ್ತು ಸರ್, ಇವತ್ತು ಬರ್ತಿಲ್ಲ’ ಅಂತಾರೆ. ಪಾಪ, ಅವರು ಹೇಳುವುದು ನಿಜವೇ.

ಇದಕ್ಕೂ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಫೋನ್ ನಂಬರನ್ನು ಸಂಖ್ಯೆ ಅಂತ ಯಾಕೆ ಇಟ್ಟುಕೊಳ್ಳಬೇಕು? ಎರಡು ಫೋನ್ ನಂಬರ್ ಕೂಡಿಸುವವರು ಯಾರೂ ಇಲ್ಲ. ಲ್ಯಾಂಡ್‌ಲೈನ್ ಆದರೆ ಮುಂದೆ ಸೊನ್ನೆ ಬರುತ್ತದೆ, ಹೊರದೇಶದ್ದಾದರೆ ಪ್ಲಸ್ ಚಿಹ್ನೆ ಬರುತ್ತದೆ. ಅದು ಅಕ್ಷರಗಳ ಸಾಲು, ಸ್ಟ್ರಿಂಗ್. ಇಷ್ಟು ವಿಚಾರ ಮಾಡುವುದನ್ನೇ ಕಂಪನಿಯಲ್ಲಿ ಡಿಸೈನ್ ಅನ್ನುತ್ತಾರೆ.

ಇದೇ ಪಟ್ಟಿಯಲ್ಲಿ ಡಬ್ಲಿ ಲಿಂಕ್ಡ್ ಲಿಸ್ಟ್‌ದೂ ಒಂದಿದೆ. ಅಲ್ಲಿ ವಿದ್ಯಾರ್ಥಿಯ ಬದಲು ಉದ್ಯೋಗಿ. ಮೊದಲ ಫೀಲ್ಡ್ ‘ಎಸ್‌ಎಸ್‌ಎನ್’. ಅದು ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರ್. ನಮ್ಮಲ್ಲಿ ಕೆಲಸ ಮಾಡುವ ಬಹುತೇಕ ಯಾರಿಗೂ ಅದಿಲ್ಲ. ಎಸ್‌ಎಸ್‌ಎನ್ ಅಂದರೆ ಏನು ಅಂತ ಕೇಳಿದರೆ ಹೇಳುವವರು ಬಹಳ ಕಡಿಮೆ. ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತಿಲ್ಲದ ಫೀಲ್ಡನ್ನು ‘ಇದೇನು ಮೇಡಂ?’ ಅಂತ ಒಂದು ಮಾತೂ ಕೇಳದೆ ಸುಮ್ನೆ ಬರೆದುಬಿಡುತ್ತಾರಲ್ಲ, ನನಗೆ ಚಿಂತೆ ಅದರದ್ದು. ಕಂಪನಿಯಲ್ಲಿ ಬರುವ ಕೆಲಸದ ವಿವರ ಯಾವತ್ತೂ ಪೂರ್ತಿ ಇರುವುದಿಲ್ಲ. ಅರ್ಧ ಕೆಲಸ ಕೇಳುವುದರಲ್ಲೇ ಇರುತ್ತದೆ.

ಈಗ ಯೋಚನೆ ಮಾಡಿ. ಈ ಪ್ರೋಗ್ರಾಂ ಇನ್ನೂರರ ಆಸುಪಾಸು ಕಾಲೇಜುಗಳಲ್ಲಿ ವರ್ಷಾವರ್ಷ ಸಾವಿರಾರು ಮಕ್ಕಳು ಬರೆಯುತ್ತಾರೆ. ಅಬ್ಸರ್ವೇಶನ್ ಪುಸ್ತಕದಲ್ಲಿ ಒಂದು ಸಲ, ಕಂಪ್ಯೂಟರಿನಲ್ಲಿ ಒಂದು ಸಲ, ರೆಕಾರ್ಡಿನಲ್ಲಿ ಒಂದು ಸಲ. ಎಲ್ಲದಕ್ಕೂ ಸಹಿ ಬೀಳುತ್ತದೆ. ಆ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇಲ್ಲಿ ಇಂಟ್ ಯಾಕೆ ಹಾಕಿದೆ?’ ಅಂತ ಯಾರಾದರೂ ಒಬ್ಬರು ಒಂದು ಸಲ ಕೇಳಿದ್ದರೆ ಆ ವಿದ್ಯಾರ್ಥಿ ಜೀವನದಲ್ಲಿ ಮರೆಯುತ್ತಿರಲಿಲ್ಲ.

ಯಾರೂ ಕೇಳದಿರಲು ಪರೀಕ್ಷೆಯೇ ಮುಖ್ಯ ಕಾರಣ ಅಂತ ನನಗನ್ನಿಸುತ್ತದೆ. ವಿಟಿಯುವಿನ 2022ರ ಸ್ಕೀಮ್, ಅಂದರೆ ಪಾಠ ಮತ್ತು ಪರೀಕ್ಷೆಯ ನಿಯಮಗಳನ್ನು ತೆಗೆದು ನೋಡಿ. ಪ್ರತ್ಯೇಕ ಲ್ಯಾಬ್ ಪರೀಕ್ಷೆ ಇರುವ ಕಡೆ ಬರಹಕ್ಕೆ ಶೇ. 20, ಮಾಡಿ ತೋರಿಸಿ ಫಲಿತಾಂಶ ತರುವುದಕ್ಕೆ ಶೇ. 60, ವೈವಾಕ್ಕೆ ಶೇ. 20. ಪಟ್ಟಿಯಲ್ಲಿರುವ ಪ್ರೋಗ್ರಾಂಗಳಲ್ಲೇ ಒಂದು ಚೀಟಿ ಎತ್ತಬೇಕು. ಬರದಿದ್ದರೆ ಒಂದು ಸಲ ಚೇಂಜ್ ತಗೊಳ್ಳಬಹುದು, ಸ್ವಲ್ಪ ಅಂಕ ಹೋಗುತ್ತದೆ. ಪಟ್ಟಿ ಮೊದಲೇ ಗೊತ್ತು, ಉತ್ತರ ಸೀನಿಯರ್ಸ್ ಹತ್ತಿರ ಇದೆ. ಉರು ಹೊಡೆದರೆ ಆಯಿತು. ಅರವತ್ತು ಅಂಕ ಔಟ್‌ಪುಟ್ಟಿಗೆ ಇರುವಾಗ ಒಳಗಿನ ಕೋಡ್ ಹೇಗಿದೆ ಅಂತ ನೋಡಲು ಹೊರಗಿನಿಂದ ಬರುವ ಪರೀಕ್ಷಕರಿಗೂ ಕಾರಣವಿಲ್ಲ, ಮಕ್ಕಳಿಗೂ ಕಾರಣವಿಲ್ಲ. ಹುಡುಗರು ಸೋಮಾರಿಗಳು ಅಂತ ಬೈಯುವವರಿಗೆ ನಾನು ಹೇಳುವುದಿಷ್ಟೇ. ಪರೀಕ್ಷೆ ಏನು ಕೇಳಿದೆಯೋ ಅದನ್ನೇ ಅವರು ತುಂಬಾ ಶ್ರದ್ಧೆಯಿಂದ ಮಾಡುತ್ತಿದ್ದಾರೆ.

ಕಂಪನಿಯ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿ ಖಾಲಿ ಫೈಲ್ ತೆರೆದು ಹೊಸದಾಗಿ ಬರೆಯುವ ದಿನಗಳು ಕಡಿಮೆ. ಬೆಳಿಗ್ಗೆ ಬಂದು ಕೂತರೆ ಮುಂದೆ ಇರುವುದು ಬೇರೆಯವರು ಬರೆದ ಲಕ್ಷಾಂತರ ಸಾಲು. ಬರೆದವರು ಕೆಲಸ ಬಿಟ್ಟು ಹೋಗಿ ಎಷ್ಟೋ ವರ್ಷವಾಗಿರುತ್ತದೆ. ಅದನ್ನು ಓದಬೇಕು, ಎಲ್ಲಿ ಮುಟ್ಟಬೇಕು ಅಂತ ಹುಡುಕಬೇಕು, ಏಳೆಂಟು ಸಾಲು ಬದಲಾಯಿಸಬೇಕು. ಬದಲಾಯಿಸಿದ್ದು ಬೇರೆ ಏನನ್ನೂ ಕೆಡಿಸಿಲ್ಲ ಅಂತ ಪರೀಕ್ಷಿಸುವ ಟೆಸ್ಟ್ ಕೋಡ್ ಬರೆದು ತೋರಿಸಬೇಕು. ಆಮೇಲೆ ಇನ್ನೊಬ್ಬರು ಅದನ್ನು ಸಾಲು ಸಾಲಾಗಿ ಓದಿ ‘ಇದು ಯಾಕೆ ಹೀಗೆ?’ ಅಂತ ಕೇಳುತ್ತಾರೆ. ಉತ್ತರ ಕೊಡಬೇಕು, ತಪ್ಪಿದ್ದರೆ ಒಪ್ಪಿಕೊಂಡು ತಿದ್ದಬೇಕು. ಮೊದಲ ಸಲ ಹಾಗೆ ಯಾರಾದರೂ ಕೋಡ್ ಓದಿದಾಗ ನಮ್ಮ ಫ್ರೆಶರ್‌ಗಳ ಮುಖ ಬಾಡಿಹೋಗುತ್ತದೆ. ತಮ್ಮನ್ನೇ ಬೈದಂತೆ ಅಂದುಕೊಳ್ಳುತ್ತಾರೆ. ಕೆಲವರು ಎರಡು ದಿನ ಮಾತೇ ಆಡುವುದಿಲ್ಲ. ಹಾಸನದಿಂದಲೋ ಯಾದಗಿರಿಯಿಂದಲೋ ಬಂದ, ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದ ಮಕ್ಕಳಿಗೆ ಇದು ಇನ್ನೂ ಜಾಸ್ತಿ ನೋವು ಕೊಡುತ್ತದೆ. ಇಂಗ್ಲಿಷಿನ ಅಳುಕಿನ ಮೇಲೆ ಇದೊಂದು ಅಳುಕು. ಬುದ್ಧಿಯಲ್ಲಿ ಅವರು ಯಾರಿಗೂ ಕಡಿಮೆ ಇಲ್ಲ. ತಮ್ಮ ಕೋಡಿನ ಬಗ್ಗೆ ಇನ್ನೊಬ್ಬರ ಜೊತೆ ಮಾತಾಡುವುದು ಅವರಿಗೆ ಅಭ್ಯಾಸವಿಲ್ಲ, ಅಷ್ಟೇ. ಕಾಲೇಜಿನಲ್ಲಿ, ಕನ್ನಡದಲ್ಲೇ, ಸಹಪಾಠಿಗಳ ಜೊತೆ, ಮೇಷ್ಟ್ರ ಜೊತೆ ಅಂಥ ಮಾತುಕತೆ ಎರಡು ವರ್ಷ ನಡೆದಿದ್ದರೆ ಆ ಅಳುಕು ಅಲ್ಲಿಯೇ ಕಳೆದುಹೋಗುತ್ತಿತ್ತು.

ಈಗ ಅಧ್ಯಾಪಕರ ಪರವಾಗಿ ಮಾತಾಡಬೇಕು. ಅರವತ್ತು ಮಕ್ಕಳ ಒಂದು ಸೆಕ್ಷನ್, ಹನ್ನೆರಡು ಪ್ರೋಗ್ರಾಂ. ಒಂದೇ ಲ್ಯಾಬಿಗೆ 720 ಸಲ ರೆಕಾರ್ಡ್ ನೋಡಿ ಸಹಿ ಹಾಕಬೇಕು. ಇಪ್ಪತ್ತು ಮಕ್ಕಳ ಬ್ಯಾಚಿಗೆ ಎರಡು ಗಂಟೆ ಲ್ಯಾಬ್ ಅಂದರೆ ಒಬ್ಬರಿಗೆ ಸಿಗುವುದು ಆರು ನಿಮಿಷ. ಕಂಪೈಲರ್ ಎರರ್ ಬಿಡಿಸುವುದರಲ್ಲೇ ಅದು ಮುಗಿಯುತ್ತದೆ. ಎಂಜಿನಿಯರಿಂಗ್ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯ ಆಯಿತು. ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಮಂಡಳಿಯಿಂದ ಟಯರ್-1 ಮಾನ್ಯತೆ ಪಡೆದ ಕೋರ್ಸಿನ ಡಿಗ್ರಿಗೆ ಹೊರದೇಶದಲ್ಲೂ ಬೆಲೆ ಬಂತು. ಅದು ಒಳ್ಳೆಯದೇ. ಆದರೆ ಅದರ ಜೊತೆಗೆ ಬಂದ ಸಿಒ-ಪಿಒ ಮ್ಯಾಪಿಂಗ್ (ಪ್ರತಿ ವಿಷಯದ ಗುರಿಯನ್ನು ಇಡೀ ಕೋರ್ಸಿನ ಗುರಿಗೆ ಹೊಂದಿಸುವ ಪಟ್ಟಿ), ಅಟೈನ್‌ಮೆಂಟ್ ಲೆಕ್ಕ (ಆ ಗುರಿ ಎಷ್ಟು ಮುಟ್ಟಿದೆ ಅನ್ನುವುದು), ಕೋರ್ಸ್ ಫೈಲ್, ಪ್ರತಿ ಪ್ರಶ್ನೆಯ ಪಕ್ಕ ಕಲಿಕೆಯ ಮಟ್ಟ ಹೇಳುವ ಬ್ಲೂಮ್ಸ್ ಲೆವೆಲ್, ಇವೆಲ್ಲ ಅಧ್ಯಾಪಕರ ಸಂಜೆಗಳನ್ನು ತಿಂದುಹಾಕಿವೆ. ಕಾಲೇಜುಗಳನ್ನು ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆ ಅಂದರೆ ತಿಂಗಳುಗಟ್ಟಲೆ ಫೈಲುಗಳದ್ದೇ ಕೆಲಸ. ಒಬ್ಬ ಅಧ್ಯಾಪಕರಿಗೆ 15 ವಿದ್ಯಾರ್ಥಿಗಳು ಇರಬೇಕು ಅಂತಿದ್ದ ನಿಯಮವನ್ನು 2018ರಲ್ಲಿ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ 20ಕ್ಕೆ ಏರಿಸಿತು. 2024ರಿಂದ ಕೋರ್ಸಿನ ಸೀಟುಗಳ ಮಿತಿಯನ್ನೂ ಸಡಿಲ ಮಾಡಿತು. ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಒಂದೊಂದು ಹೆಸರಿಗೂ ಹೊಸ ಸೆಕ್ಷನ್ ತೆರೆಯಲಾಯಿತು. ಬಾಗಿಲ ಮೇಲಿನ ಬೋರ್ಡ್ ಬದಲಾಗುವಷ್ಟು ಬೇಗ ಅಧ್ಯಾಪಕರು ಎಲ್ಲಿಂದ ಬರಬೇಕು? ಬಡ್ತಿ ಬೇಕಾದರೆ ಪಿಎಚ್‌ಡಿ ಬೇಕು, ಪೇಪರ್ ಬೇಕು. ವಿದ್ಯಾರ್ಥಿಯ ಕೋಡ್ ಓದಿ ಮೂಲೆಯಲ್ಲಿ ನಾಲ್ಕು ಮಾತು ಬರೆದಿದ್ದಕ್ಕೆ ಯಾವ ಫಾರ್ಮಿನಲ್ಲೂ ಜಾಗವಿಲ್ಲ. ಖಾಸಗಿ ಕಾಲೇಜುಗಳಲ್ಲಿ ಕೆಲವರಿಗೆ ಕೊಡುವ ಸಂಬಳ, ಅವರೇ ಪಾಸು ಮಾಡಿ ಕಳಿಸಿದ ಮಕ್ಕಳ ಮೊದಲ ಸಂಬಳಕ್ಕೆ ಸಮ ಇರುತ್ತದೆ. ಇದು ಅನ್ಯಾಯ. ಇಷ್ಟರ ನಡುವೆಯೂ ಭಾನುವಾರ ಲ್ಯಾಬ್ ತೆಗೆದು ಮಕ್ಕಳ ಜೊತೆ ಕೂರುವ ಮೇಷ್ಟ್ರುಗಳು, ಮೇಡಂಗಳು ನನಗೆ ಗೊತ್ತು. ಅಂಥವರ ಕೈಯಲ್ಲಿ ಕಲಿತವರು ಇಂಟರ್‌ವ್ಯೂಗೆ ಬಂದರೆ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಕಂಪನಿಗಳ ಪಾಲೂ ಇದರಲ್ಲಿ ಸಣ್ಣದಲ್ಲ. 2005ರಲ್ಲಿ ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಮ್ ಮತ್ತು ಸಲಹಾ ಸಂಸ್ಥೆ ಮೆಕಿನ್ಸಿಯ ವರದಿ ಬಂತು. ಬಹುರಾಷ್ಟ್ರೀಯ ಕಂಪನಿಗಳ ಕೆಲಸಕ್ಕೆ ಭಾರತದ ಎಂಜಿನಿಯರುಗಳಲ್ಲಿ ನಾಲ್ಕರಲ್ಲಿ ಒಬ್ಬರು ಮಾತ್ರ ತಕ್ಕವರು ಅಂತ ಅದು ಹೇಳಿತು. ಆ ಹೊತ್ತಿಗಾಗಲೇ ಇನ್ಫೋಸಿಸ್ ಕಾಲೇಜುಗಳಿಗಾಗಿ ಕ್ಯಾಂಪಸ್ ಕನೆಕ್ಟ್ ಅನ್ನುವ ಕಾರ್ಯಕ್ರಮ ಶುರು ಮಾಡಿತ್ತು, ಮೈಸೂರಿನಲ್ಲಿ ದೊಡ್ಡ ತರಬೇತಿ ಕ್ಯಾಂಪಸ್ ಕಟ್ಟಿತ್ತು. ಹೊಸಬರಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸುತ್ತಿದ್ದರು. ಅದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ, ಸಾವಿರಾರು ಮನೆಗಳು ಅದರಿಂದ ಉದ್ಧಾರವಾದವು. ಆದರೆ ಒಟ್ಟಾರೆ ಸರ್ವೀಸ್ ಕಂಪನಿಗಳು ಆ ಕಾಲದಲ್ಲಿ ಸಿವಿಲ್, ಮೆಕ್ಯಾನಿಕಲ್ ಅಂತ ನೋಡದೆ ಆಪ್ಟಿಟ್ಯೂಡ್ ಟೆಸ್ಟ್ ಒಂದರ ಮೇಲೆಯೇ ಜನರನ್ನು ತಗೊಂಡವು. ಕಾಲೇಜಿನವರಿಗೆ ಅದರಿಂದ ಸಿಕ್ಕ ಸಂದೇಶ ಏನು? ‘ನೀವು ಏನು ಕಲಿಸಿದರೂ ಪರವಾಗಿಲ್ಲ, ನಾವು ಕಲಿಸಿಕೊಳ್ಳುತ್ತೇವೆ.’ ಮ್ಯಾನೇಜ್‌ಮೆಂಟಿನವರು ಪ್ಲೇಸ್‌ಮೆಂಟ್ ಟ್ರೇನಿಂಗ್ ಅಂತ ಹೊರಗಿನವರನ್ನು ಕರೆಸಿ ರೈಲಿನ ವೇಗ, ದೋಣಿಯ ವೇಗದ ಲೆಕ್ಕ ಹೇಳಿಕೊಡಿಸಿದರು. ಈಗ ಅದೇ ಕಂಪನಿಗಳು ತರಬೇತಿಯ ಖರ್ಚು ಕಡಿಮೆ ಮಾಡಿ, ‘ಮೊದಲ ದಿನವೇ ರೆಡಿ ಇರಬೇಕು’ ಅನ್ನುತ್ತಿವೆ. ಫ್ರೆಶರ್ ಸಂಬಳ ಮಾತ್ರ ಹತ್ತು ವರ್ಷಕ್ಕೂ ಮೇಲೆ ವಾರ್ಷಿಕ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಕಲಿಸುವ ಹೊರೆ ಕಾಲೇಜಿನ ಮೇಲೆ ಹೊರಿಸುವುದಾದರೆ ಕಂಪನಿಗಳು ತಮ್ಮ ಹಿರಿಯ ಎಂಜಿನಿಯರುಗಳ ಸಮಯವನ್ನಾದರೂ ಕಾಲೇಜಿಗೆ ಕೊಡಬೇಕು. 2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟಿಸ್’ ಅಂತ ದಾರಿ ತೆರೆದಿದೆ. ಪಿಎಚ್‌ಡಿ ಇಲ್ಲದಿದ್ದರೂ 15 ವರ್ಷದ ಅನುಭವ ಇದ್ದವರು ಬಂದು ಕಲಿಸಬಹುದು. ಆದರೆ ಅಂಥವರನ್ನು ಕರೆಸಿ ವರ್ಷಕ್ಕೆರಡು ಭಾಷಣ ಮಾಡಿಸಿ, ಶಾಲು ಹೊದಿಸಿ ಕಳಿಸಿದರೆ ಏನೂ ಆಗುವುದಿಲ್ಲ. ಲ್ಯಾಬಿನಲ್ಲಿ ಮಕ್ಕಳ ಪಕ್ಕ ಕುರ್ಚಿ ಎಳೆದುಕೊಂಡು ಕೂರಿಸಬೇಕು.

ಇಂಟರ್ನ್‌ಶಿಪ್ ಬಗ್ಗೆ ಒಂದೇ ಮಾತು. ಕೊನೇ ವರ್ಷ 14ರಿಂದ 20 ವಾರ ಅಂತ 2022ರ ಸ್ಕೀಮಿನಲ್ಲಿದೆ, ಒಳ್ಳೆಯ ಬದಲಾವಣೆ. ಆದರೆ ದುಡ್ಡು ಕಟ್ಟಿಸಿಕೊಂಡು ಸರ್ಟಿಫಿಕೇಟ್ ಕೊಡುವ ಕಡೆ ಮಕ್ಕಳು ಹೋಗದಂತೆ ನೋಡಿಕೊಳ್ಳದಿದ್ದರೆ ಆ ವಾರಗಳೂ ರೆಕಾರ್ಡ್ ಪುಸ್ತಕದ ಹಾಗೇ ಆಗುತ್ತವೆ.

ಎಐ ಬಂದಿದೆಯಲ್ಲ, ಇನ್ನು ಕೋಡ್ ಕಲಿಯುವುದೇ ಯಾಕೆ ಅಂತ ಕೇಳುವವರಿದ್ದಾರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ನಮ್ಮ ಲ್ಯಾಬ್ ಪಟ್ಟಿಯ ಹನ್ನೆರಡೂ ಪ್ರೋಗ್ರಾಮನ್ನು ಅಂಥ ಸಾಧನಗಳು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರೆದುಕೊಡುತ್ತವೆ. ಪ್ರಪಂಚದಲ್ಲಿ ಸಾವಿರ ಸಲ ಬರೆದಿಟ್ಟದ್ದನ್ನು ಮತ್ತೆ ಬರೆಯುವುದು ಅವಕ್ಕೆ ಸಲೀಸು. ಬಂದ ಕೋಡ್ ನೋಡಿ, ‘ಇದರಲ್ಲಿ ಫೋನ್ ನಂಬರ್ ಹಿಡಿಸುವುದಿಲ್ಲ’ ಅಂತ ಹಿಡಿಯಬೇಕಾದವರು ನೀವು. ಅಂದರೆ ಬರೆಯುವ ಕೆಲಸ ಕಡಿಮೆಯಾದಷ್ಟೂ ಓದುವ ಕೆಲಸ ಜಾಸ್ತಿಯಾಗುತ್ತದೆ. ನಾವು ಕಲಿಸದೇ ಬಿಟ್ಟ ಅರ್ಧವೇ ಈಗ ಹೆಚ್ಚು ಬೇಕಾಗಿದೆ.

ಹಾಗಾದರೆ ಏನು ಮಾಡಬಹುದು? ವಿಟಿಯು ಸಿಲಬಸ್ ಬದಲಾಗಲಿ ಅಂತ ಕಾಯುತ್ತಾ ಕೂರಬೇಕಾಗಿಲ್ಲ. 2022ರ ಸ್ಕೀಮಿನಲ್ಲಿ ಥಿಯರಿ ಜೊತೆ ಲ್ಯಾಬ್ ಸೇರಿಸಿರುವ ವಿಷಯಗಳಲ್ಲಿ ಲ್ಯಾಬಿಗೆ 25 ಅಂಕ ಪೂರ್ತಿ ಕಾಲೇಜಿನ ಕೈಯಲ್ಲೇ ಇದೆ. ಅದರಲ್ಲಿ 15 ದಿನದಿನದ ಲ್ಯಾಬಿಗೆ, ರೆಕಾರ್ಡಿಗೆ. 10 ಕೊನೆಯ ಟೆಸ್ಟಿಗೆ. ಆ ಹತ್ತು ಅಂಕದ ಟೆಸ್ಟಿನಲ್ಲಿ ಪಟ್ಟಿಯ ಪ್ರೋಗ್ರಾಮನ್ನು ಮತ್ತೆ ಬರೆಸಬೇಡಿ. ರನ್ ಆಗುವ ಪ್ರೋಗ್ರಾಮನ್ನು ನೀವೇ ಕೊಡಿ. ಇನ್ನೂರು ಸಾಲಿನದ್ದು ಇರಲಿ, ಒಳಗೆ ಎರಡು ತಪ್ಪು ಅಡಗಿರಲಿ. ‘ತಪ್ಪು ಹುಡುಕಿ, ಒಂದು ಹೊಸ ಸೌಲಭ್ಯ ಸೇರಿಸಿ, ಏನು ಬದಲಾಯಿಸಿದಿರಿ, ಯಾಕೆ ಅಂತ ಐದು ಸಾಲು ಬರೆಯಿರಿ’ ಅನ್ನಿ. ಐದು ಸಾಲು ಕನ್ನಡದಲ್ಲಿ ಬರೆದರೂ ಅಂಕ ಕೊಡಿ. ಇದನ್ನು ಉರು ಹೊಡೆಯಲು ಆಗುವುದಿಲ್ಲ.

ಆಪರೇಟಿಂಗ್ ಸಿಸ್ಟಮ್ ಲ್ಯಾಬಿನಲ್ಲಿ ಈಗ ಶೆಡ್ಯೂಲಿಂಗ್ (ಕೆಲಸಗಳಿಗೆ ಸರದಿ ಹಂಚುವುದು), ಬ್ಯಾಂಕರ್ಸ್ ಅಲ್ಗಾರಿದಮ್ (ಕೆಲಸಗಳು ಒಂದಕ್ಕೊಂದು ಕಾದು ನಿಂತುಬಿಡದಂತೆ ತಡೆಯುವ ವಿಧಾನ) ಎಲ್ಲ ಬಿಡಿಬಿಡಿಯಾಗಿ ಸಿಮ್ಯುಲೇಟ್ ಮಾಡಿಸುತ್ತೇವೆ. ಅಮೆರಿಕದ ಎಂಐಟಿಯಲ್ಲಿ ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಅನ್ನುವ ಪುಟ್ಟ ಆಪರೇಟಿಂಗ್ ಸಿಸ್ಟಮ್ ಇದೆ. ಸುಮಾರು ಹತ್ತು ಸಾವಿರ ಸಾಲು, ಪೂರ್ತಿ ಉಚಿತ. ಬಾಂಬೆ ಐಐಟಿಯಲ್ಲೂ ಅದನ್ನು ಬಳಸಿ ಕಲಿಸುತ್ತಾರೆ. ಅದರ ನಿಜವಾದ ಶೆಡ್ಯೂಲರ್ ಫೈಲ್ ತೆರೆದು ಮಕ್ಕಳ ಜೊತೆ ಸಾಲು ಸಾಲಾಗಿ ಓದಿ, ಒಂದು ಸಣ್ಣ ಬದಲಾವಣೆ ಮಾಡಿಸಿದರೆ ಅದೊಂದೇ ತರಗತಿ ಹತ್ತು ಸಿಮ್ಯುಲೇಷನ್‌ಗೆ ಸಮ. ಅಂದ ಹಾಗೆ, ಗಿಟ್, ಶೆಲ್, ಡಿಬಗರ್‌ನಂಥ ದಿನಬಳಕೆಯ ಸಾಧನಗಳನ್ನು ಕಲಿಸದೇ ಬಿಡುವುದು ನಮ್ಮಲ್ಲಿ ಮಾತ್ರ ಅಲ್ಲ. 2020ರಲ್ಲಿ ಎಂಐಟಿಯಲ್ಲೇ ‘ಬಿಟ್ಟುಹೋದ ಸೆಮಿಸ್ಟರ್’ ಅಂತ ಹೆಸರಿಟ್ಟು ಇದಕ್ಕೊಂದು ಕಿರು ಕೋರ್ಸ್ ಮಾಡಬೇಕಾಯಿತು. ಅದೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನೊಂದು. ಕೊನೇ ವರ್ಷದ ಪ್ರಾಜೆಕ್ಟ್ ಪ್ರತಿವರ್ಷ ಸೊನ್ನೆಯಿಂದ ಶುರುವಾಗಿ ಬೈಂಡಿಂಗ್ ಮಾಡಿದ ದಿನ ಸಾಯುತ್ತದೆ. ಅದರ ಬದಲು ನಿಮ್ಮ ಕಾಲೇಜಿನ ಹಾಸ್ಟೆಲ್ ಮೆಸ್ ಲೆಕ್ಕಕ್ಕೋ ಲೈಬ್ರರಿಗೋ ಒಂದು ಸಾಫ್ಟ್‌ವೇರ್ ಬರೆಯಿರಿ. ಜನ ನಿಜವಾಗಿ ಬಳಸಲಿ. ಮುಂದಿನ ಬ್ಯಾಚ್ ಅದನ್ನೇ ಮುಂದುವರಿಸಲಿ. ಸೀನಿಯರ್ಸ್ ಬರೆದ ಕೋಡ್ ಅರ್ಥವಾಗದೆ ಜೂನಿಯರ್ಸ್ ಪರದಾಡಿದ ದಿನ, ಹೆಸರುಗಳನ್ನು ಸರಿಯಾಗಿ ಇಡಬೇಕು, ಕಾಮೆಂಟ್ ಬರೆಯಬೇಕು ಅನ್ನುವುದು ಪಾಠ ಮಾಡದೆಯೇ ತಲೆಗೆ ಹೋಗುತ್ತದೆ. ಮೂರನೇ ವರ್ಷದವರು ವಾರಕ್ಕೊಂದು ಗಂಟೆ ಎರಡನೇ ವರ್ಷದವರ ಕೋಡ್ ಓದಲಿ. ಮೇಷ್ಟ್ರ ಆರು ನಿಮಿಷಕ್ಕೆ ಅದು ದೊಡ್ಡ ಆಸರೆ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು, ‘ಸರ್, ಪೈಥಾನ್ ಕಲಿಯಲಾ, ಜಾವಾ ಕಲಿಯಲಾ?’ ನಿಮಗೆ ಈಗಾಗಲೇ ಸ್ವಲ್ಪ ಬರುವುದನ್ನೇ ಹಿಡಿಯಿರಿ ಅಂದೆ. ಆ ಭಾಷೆಯಲ್ಲಿ ಬೇರೆಯವರು ಬರೆದ ಒಂದು ಸಣ್ಣ ಓಪನ್ ಸೋರ್ಸ್ ಪ್ರೋಗ್ರಾಂ ಇಳಿಸಿಕೊಂಡು, ಒಂದು ತಿಂಗಳು ಅದನ್ನು ಓದಿ. ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ನೋಟ್ ಮಾಡಿಕೊಳ್ಳಿ. ಇಂಟರ್‌ವ್ಯೂಗೆ ಆ ನೋಟ್‌ಬುಕ್ ತಂದರೆ ನಾನಂತೂ ಮೊದಲು ಅದನ್ನೇ ತೆರೆದು ನೋಡುತ್ತೇನೆ.

ಹಿರಿಯ ಮೇಡಂ ಒಬ್ಬರು ಎದ್ದು ನಿಂತು ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ. ‘ನೀವು ಹೇಳಿದ ಟೆಸ್ಟಿಗೆ ತಪ್ಪು ಅಡಗಿಸಿಟ್ಟ ಪ್ರೋಗ್ರಾಂಗಳು ಬೇಕು. ಮೂರು ಸೆಕ್ಷನ್‌ಗೆ ಬೇರೆ ಬೇರೆ ಬೇಕು. ಅವನ್ನು ಬರೆಯಲು ನಮಗೆ ಸಮಯ ಎಲ್ಲಿದೆ?’ ಅವರ ಮಾತು ಸರಿ. ಅದಕ್ಕೆ ನಾನು ಹೇಳಿದ್ದು ಇದು. ನಮ್ಮಂಥವರ ಹತ್ತಿರ ತಪ್ಪುಗಳ ದಾಸ್ತಾನೇ ಇದೆ. ನಿಜವಾದ ಕೆಲಸದಲ್ಲಿ ನಿಜವಾಗಿ ಆದ ತಪ್ಪುಗಳು, ಕಂಪನಿಯ ಗುಟ್ಟು ಬಿಟ್ಟುಕೊಡದೆ ಅವನ್ನು ಸಣ್ಣ ಪ್ರೋಗ್ರಾಂಗಳಾಗಿ ಬರೆದುಕೊಡಬಹುದು. ಮುಂದಿನ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಮತ್ತು ಡಿಬಿಎಂಎಸ್ ಟೆಸ್ಟಿಗೆ ಅಂಥ ಪ್ರೋಗ್ರಾಂಗಳನ್ನು ನಾನು, ನನ್ನ ಜೊತೆ ಕೆಲಸ ಮಾಡುವ ಕೆಲವರು ಸೇರಿ ಬರೆದು ಕೊಡುತ್ತೇವೆ. ಎರಡು ಶನಿವಾರ ಲ್ಯಾಬಿಗೆ ಬಂದು ಉತ್ತರಗಳನ್ನು ನಿಮ್ಮ ಜೊತೆ ಕೂತು ಓದುತ್ತೇವೆ. ಮೇಡಂ ಅಲ್ಲೇ ಡೈರಿ ತೆಗೆದು ತಾರೀಖು ಕೇಳಿದರು.